ಮೂರನೇ ಕಾಜಾ

ಹೊಲಿಗೆಯಂತ್ರದ ಟಕಟಕ ಸದ್ದು ಆ ಗಲ್ಲಿಯವರ ಕಿವಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಅದು ನಡೆಯುವಾಗ ಯಾರಿಗೂ ಕೇಳಿಸುತ್ತಿರಲಿಲ್ಲ, ನಿಂತಾಗ ಕೇಳಿಸುತ್ತಿತ್ತು. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅದು ನಿಲ್ಲುತ್ತಿತ್ತು. ಮೊದಲು ಫೋನಿನ ಗಂಟೆ, ಆಮೇಲೆ ಯಂತ್ರದ ಚಕ್ರವನ್ನು ಅಂಗೈಯಿಂದ ಒತ್ತಿ ಹಿಡಿದಾಗ ಬರುವ ಸಣ್ಣ ಕಿರುಗುಟ್ಟುವಿಕೆ, ಆಮೇಲೆ ಏನೂ ಇಲ್ಲ. ಎದುರಿನ ಇಸ್ತ್ರಿ ಅಂಗಡಿಯವಳು ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಗಲ್ಲಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು:

"ಕಾಜಕ್ಕಾ, ಬಂತು ನೋಡು ನಿನ್ನ ಸವತಿ ಫೋನು!"

ಕಾಜಕ್ಕ ಅಂಗಡಿಯ ಹಿಂಭಾಗದ ಪರದೆಯ ಆಚೆ, ಕಿಟಕಿಯ ಕೆಳಗಿನ ಸ್ಟೂಲಿನ ಮೇಲೆ ಕೂತು, ಸೂಜಿಯನ್ನು ಬಟ್ಟೆಗೆ ಚುಚ್ಚಿ ಹಾಗೇ ಬಿಟ್ಟು, ಕಿವಿಯನ್ನು ಪರದೆಯ ಕಡೆಗೆ ಕೊಡುತ್ತಿದ್ದಳು.

ಅವಳ ನಿಜವಾದ ಹೆಸರು ಆ ಗಲ್ಲಿಯಲ್ಲಿ ಇಬ್ಬರಿಗೋ ಮೂವರಿಗೋ ಗೊತ್ತಿದ್ದೀತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೋಟುಗಳಿಗೆ ಕಾಜಾ ಹಾಕುವ ಕೆಲಸ ಕೇಳಿಕೊಂಡು ಈ ಅಂಗಡಿಯ ಮೆಟ್ಟಿಲು ಹತ್ತಿದವಳು. ಗುಂಡಿ ತೂರುವಷ್ಟು ಬಟ್ಟೆಯನ್ನು ಸೀಳಿ, ಅಂಚಿಗೊಂದು ದಪ್ಪ ನೂಲು ಇಟ್ಟು, ಅದರ ಸುತ್ತ ಒತ್ತೊತ್ತಾಗಿ ಹೊಲಿಗೆ ಹಾಕಬೇಕು. ಯಂತ್ರದ ಕಾಜಾ ಎರಡು ವರ್ಷಕ್ಕೆ ಬಾಯಿ ಬಿಡುತ್ತದೆ. ಅವಳದು ಕೋಟು ಹರಿದ ಮೇಲೂ ಉಳಿಯುತ್ತಿತ್ತು. ಟೈಲರ್ ಮಾಸ್ಟ್ರು ಮೊದಲ ದಿನ ಅವಳ ಕೆಲಸವನ್ನು ಬೆಳಕಿಗೆ ಹಿಡಿದು ನೋಡಿ "ಹ್ಞೂಂ" ಎಂದಿದ್ದರು. ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಒಂದು ವರ್ಷದ ನಂತರ ಮದುವೆಯ ಮಾತನ್ನೂ ಅವರು ಗುಂಡುಸೂಜಿ ಕಚ್ಚಿಕೊಂಡೇ ಆಡಿದ್ದು. ಅದು ಮದುವೆಯ ಮಾತೋ, ಯಾರದೋ ತೋಳಿನ ಉದ್ದದ ಮಾತೋ ಎಂದು ಅವಳಿಗೆ ಸಂಜೆಯವರೆಗೂ ಅನುಮಾನವಿತ್ತು.

ಆಮೇಲಿನ ಮೂವತ್ತೊಂದು ವರ್ಷ ಆ ಗುಂಡುಸೂಜಿಗಳ ಆಚೆಯಿಂದ ಬರುವ "ಹ್ಞೂಂ"ಗಳನ್ನು ಬಿಡಿಸಿ ಓದುವುದರಲ್ಲೇ ಕಳೆದವು. ಊಟ ಚೆನ್ನಾಗಿದ್ದರೆ ಒಂದು ಹ್ಞೂಂ, ಉಪ್ಪು ಜಾಸ್ತಿಯಾಗಿದ್ದರೆ ಇನ್ನೊಂದು. ಕಾಜಕ್ಕನಿಗೆ ವ್ಯತ್ಯಾಸ ತಿಳಿಯುತ್ತಿತ್ತು. ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದು ಅವಳ ಒಂದು ಸಣ್ಣ ಆಸ್ತಿಯಾಗಿತ್ತು.

ಈಗ ಫೋನು ಬಂದರೆ ಮಾಸ್ಟ್ರು ಆ ಗುಂಡುಸೂಜಿಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು ಮೆತ್ತೆಗೆ ಚುಚ್ಚಿಡುತ್ತಿದ್ದರು. ನಾಲ್ಕೋ ಐದೋ. ಪರದೆಯ ಸಂದಿಯಿಂದ ಅವಳು ಎಣಿಸುತ್ತಿದ್ದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಅವಳಿಗೆ ಗುರುತೇ ಹತ್ತದಂಥ ಮೆತ್ತಗಿನ ದನಿಯಲ್ಲಿ, "ಹೇಳಿ ಸಿಸ್ಟರ್" ಎನ್ನುತ್ತಿದ್ದರು.

ಮಾಸ್ಟ್ರ ಶ್ವಾಸಕೋಶದಲ್ಲಿ ಗಂಟು ಎಂದು ಗೊತ್ತಾಗಿ ಏಳು ತಿಂಗಳಾಗಿತ್ತು. ಬಸ್ಸಿನಲ್ಲಿ ಮೂರು ಗಂಟೆಯ ದಾರಿಯ ದೊಡ್ಡ ಆಸ್ಪತ್ರೆಯಲ್ಲಿ ಮೂರು ವಾರಕ್ಕೊಮ್ಮೆ ಔಷಧಿ ಹನಿಸುತ್ತಿದ್ದರು. ಇಮ್ಯುನೊಥೆರಪಿ ಎಂದು ಅದರ ಹೆಸರು. ಮೊದಲ ದಿನ ಅಲ್ಲಿನ ನರ್ಸ್, ಈ ಸಿಸ್ಟರ್, ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದ್ದಳು.

"ಇದು ಕೀಮೋ ಥರ ಅಲ್ಲ ಮಾಸ್ಟ್ರೇ. ಈ ಔಷಧಿ ತಾನೇ ಹೋಗಿ ಕ್ಯಾನ್ಸರನ್ನ ಹೊಡೆಯಲ್ಲ. ರೋಗದ ಜೊತೆ ಹೋರಾಡೋ ಶಕ್ತಿ ನಿಮ್ಮ ಮೈಯಲ್ಲೇ ಇದೆಯಲ್ಲ, ಅದಕ್ಕೆ ಬಿದ್ದಿರೋ ಬ್ರೇಕನ್ನ ಬಿಡಿಸುತ್ತೆ. ಬಿಡಿಸಿದ ಮೇಲೆ ಆ ಶಕ್ತಿ ಕೆಲವು ಸಲ ನಿಮ್ಮ ಮೈಯನ್ನೇ ಹೊಡೆಯೋಕೆ ಶುರು ಮಾಡುತ್ತೆ. ಚರ್ಮ, ಕರುಳು, ಎಲ್ಲಿ ಬೇಕಾದ್ರೂ. ತುರಿಕೆ, ಭೇದಿ, ಒಣಕೆಮ್ಮು, ವಿಪರೀತ ಸುಸ್ತು, ಯಾವುದನ್ನೂ ಚಿಕ್ಕದು ಅಂತ ಬಿಡಬೇಡಿ. ಅವತ್ತೇ ಹೇಳಿ. ಬೇಗ ಹೇಳಿದ್ರೆ ಸುಲಭ. ಮುಚ್ಚಿಟ್ರೆ ಪ್ರಾಣಕ್ಕೇ ಬರುತ್ತೆ."

ಮಾಸ್ಟ್ರು "ಅಂದ್ರೆ ಮಷೀನಿನ ಟೆನ್ಶನ್ ಸ್ಕ್ರೂ ಸಡಿಲ ಮಾಡಿದ ಹಾಗೆ" ಎಂದರು. "ಬಿಗಿ ಇದ್ರೆ ಹೊಲಿಗೆ ಕೂರಲ್ಲ. ತೀರಾ ಸಡಿಲ ಆದ್ರೆ ಬಟ್ಟೆ ಕೆಳಗೆ ದಾರ ಗೂಡು ಕಟ್ಟುತ್ತೆ."

"ಅಯ್ಯೋ, ನನಗಿಂತ ಚೆನ್ನಾಗಿ ಹೇಳಿದ್ರಿ! ಇನ್ಮೇಲೆ ಎಲ್ಲರಿಗೂ ಹೀಗೇ ಹೇಳ್ತೀನಿ, ಟೈಲರ್ ಮಾಸ್ಟ್ರು ಹೇಳಿಕೊಟ್ಟಿದ್ದು ಅಂತ."

ಮಾಸ್ಟ್ರು ನಕ್ಕರು. ಹಲ್ಲು ಕಾಣುವ ಹಾಗೆ. ಆಮೇಲೆ ಸಿಸ್ಟರ್ ಇವಳ ಕಡೆ ತಿರುಗಿ, "ಅಮ್ಮಾ, ನಿಮಗೂ ಅರ್ಥ ಆಯ್ತಾ?" ಎಂದು ಕೇಳಿದಳು. ಅವರು ಮಾಸ್ಟ್ರು, ತಾನು ಅಮ್ಮ! ಸಿಸ್ಟರಿಗೂ ತನಗೂ ಹೆಚ್ಚೆಂದರೆ ಹತ್ತು ವರ್ಷದ ಅಂತರ.

"ಆಗದೆ ಏನು," ಎಂದಳು ಕಾಜಕ್ಕ. "ಆ ಮಷೀನಿನ ಪಕ್ಕದಲ್ಲೇ ನಾನೂ ಕೂರೋದು."

ಸಿಸ್ಟರ್ ಕೊಟ್ಟ ಪುಸ್ತಿಕೆಯಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣದ ಪಟ್ಟಿಗಳಿದ್ದವು. ಆ ಪುಟವನ್ನು ಕಾಜಕ್ಕ ಕತ್ತರಿಸಿ ಅಂಗಡಿಯ ಆಳೆತ್ತರದ ಕನ್ನಡಿಯ ಮೂಲೆಗೆ ಅಂಟಿಸಿದಳು. ಜೊತೆಗೆ ಒಂದು ಕಾರ್ಡು. ಯಾವ ವೈದ್ಯರ ಹತ್ತಿರ ಹೋದರೂ ಮೊದಲು ಅದನ್ನು ತೋರಿಸಬೇಕು. ವಾರಕ್ಕೆರಡು ಸಲ ಸಿಸ್ಟರೇ ಫೋನ್ ಮಾಡುತ್ತಾಳೆ. ನಡುವೆ ಏನಾದರೂ ಆದರೆ ಕಾರ್ಡಿನ ಹಿಂದಿನ ನಂಬರಿಗೆ ಇವರು ಮಾಡಬೇಕು.

ಫೋನುಗಳು ಶುರುವಾದ ಮೇಲೆ ಮಾಸ್ಟ್ರು ತಮ್ಮ ಅಳತೆ ಪುಸ್ತಕದಲ್ಲಿ ತಮಗೇ ಒಂದು ಪುಟ ತೆರೆದರು. ಗಿರಾಕಿಯ ಹೆಸರು ಬರೆಯುವ ಜಾಗದಲ್ಲಿ "ನಾನು". ಕೆಳಗೆ ಸೊಂಟ, ಎದೆ ಇರಬೇಕಾದಲ್ಲಿ ನಿದ್ದೆ, ಕೆಮ್ಮು, ತುರಿಕೆ. ಅದನ್ನು ಓದಿ ಹೇಳುತ್ತಾ ಹೇಳುತ್ತಾ ಪುಸ್ತಕದಲ್ಲಿ ಇಲ್ಲದ್ದಕ್ಕೂ ಹೋಗುತ್ತಿದ್ದರು.

"ಮೊಣಕೈ ಹತ್ತಿರ ಇರುವೆ ಹರಿದ ಹಾಗೆ ಆಗುತ್ತೆ ಸಿಸ್ಟರ್. ಇಲ್ಲ, ಗುಳ್ಳೆ ಇಲ್ಲ... ಮನಸ್ಸಾ? ಮನಸ್ಸು ಮಧ್ಯಾಹ್ನದ ಹೊತ್ತು ಸ್ವಲ್ಪ ಕುಸಿಯುತ್ತೆ. ಕತ್ತರಿ ಹಿಡಿದಾಗ ಅನ್ಸುತ್ತೆ, ಈ ಕೋಟು ಇವರು ಹಾಕ್ಕೊಂಡು ಓಡಾಡೋದನ್ನ ನಾನು ನೋಡ್ತೀನೋ ಇಲ್ವೋ ಅಂತ."

ಪರದೆಯ ಹಿಂದೆ ಕಾಜಕ್ಕ ಸ್ಟೂಲಿನ ತುದಿಗೆ ಸರಿದಳು. ದಿನಾ ಮಧ್ಯಾಹ್ನ ಎದುರಿಗೆ ಕೂತು ಬಡಿಸುವವಳು ಅವಳು. ಹೊಟ್ಟೆಯಲ್ಲಿ ಒಮ್ಮೆಗೇ ಎರಡು ಉರಿ ಎದ್ದವು. ಒಂದು ಸಂಕಟದ್ದು. ಇನ್ನೊಂದರ ಹೆಸರು ಅವಳಿಗೆ ಗೊತ್ತಿತ್ತು. ಯಾವುದು ಜೋರು ಎಂದು ಯಾರಾದರೂ ಕೇಳಿದ್ದರೆ ಸುಳ್ಳು ಹೇಳುತ್ತಿದ್ದಳು.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು. "ಮಧ್ಯಾಹ್ನ ಮನಸ್ಸು ಕುಸಿಯುತ್ತಂತೆ?"

"ಯಾರು ಹೇಳಿದ್ದು?"

"ಪರದೆ ಬಟ್ಟೆದು ರೀ. ಗೋಡೆ ಅಲ್ಲ."

"ಸಿಸ್ಟರು ಕೇಳ್ತಾರೆ, ಹೇಳ್ತೀನಿ."

"ನಾನು ಕೇಳಲ್ವಾ?"

"ನೀನು ಕೇಳೋದು ಇನ್ನೊಂದು ಸ್ವಲ್ಪ ಹಾಕ್ಲಾ ಅಂತ."

ಅದು ನಿಜವಾಗಿತ್ತು. ಮಾರನೆಯ ದಿನ ಅವಳು ಸ್ಟೂಲನ್ನು ಪರದೆಯ ಈಚೆಗೆ ತಂದು, ಮಾಸ್ಟ್ರ ಎದುರಿಗೆ ಕೂತು, ಕನ್ನಡಿಯ ಮೂಲೆಯ ಹಾಳೆಯನ್ನು ನೋಡಿಕೊಂಡು ಕೇಳಿದಳು. "ತುರಿಕೆ ಇದೆಯಾ? ಉಸಿರು ಹೇಗಿದೆ? ಸುಸ್ತು ಒಂದರಿಂದ ಹತ್ತರಲ್ಲಿ ಎಷ್ಟು?"

ಮಾಸ್ಟ್ರು ಗುಂಡುಸೂಜಿಗಳ ನಡುವಿನಿಂದ ಕೇಳಿದರು: "ನಿಂಗೇನಾಯ್ತೇ?"

ಸ್ಟೂಲು ವಾಪಸು ಪರದೆಯ ಹಿಂದಕ್ಕೆ ಹೋಯಿತು.

ಅದಾದ ಒಂದು ವಾರಕ್ಕೆ ಕೋಟಿನ ವಿಷಯ ಬಂತು. ಯಾರದೋ ತೋಳಿನ ಅಳತೆ ಹುಡುಕಲು ಪುಸ್ತಕ ತೆರೆದಾಗ ಅವಳಿಗೊಂದು ಹೊಸ ಪುಟ ಕಂಡಿತು. ಹೆಂಗಸಿನ ಅಳತೆ. ಭುಜ, ಎದೆ, ತೋಳು, ಮೊಳಕಾಲಿನವರೆಗಿನ ಉದ್ದ, ಕಾಲಿಂಚಿನ ಲೆಕ್ಕದಲ್ಲಿ. ಹೆಸರಿನ ಜಾಗದಲ್ಲಿ "ಸಿಸ್ಟರ್".

"ಇದ್ಯಾವಾಗ ತಗೊಂಡ್ರಿ ಅಳತೆ?"

"ತಗೊಂಡಿಲ್ಲ. ನೋಡಿದೀನಲ್ಲ." ಮಾಸ್ಟ್ರು ಆಗಲೇ ಬಿಳಿ ಬಟ್ಟೆ ಹರಡಿಕೊಂಡಿದ್ದರು. "ಅವರು ಹಾಕ್ಕೊಳ್ಳೋ ಕೋಟು ಭುಜದಲ್ಲಿ ಜೋಲು ಬೀಳುತ್ತೆ. ನೋಡೋಕಾಗಲ್ಲ."

ಕಣ್ಣಳತೆ. ಆ ಕಸುಬಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಅದು ಕಾಜಕ್ಕನ ಹೆಮ್ಮೆಯೂ ಆಗಿತ್ತು. ಆದರೆ ಅವಳ ಅಂಗಿಗಳನ್ನು ಮಾಸ್ಟ್ರು ಇಪ್ಪತ್ತು ವರ್ಷದಿಂದ ಒಂದೇ ಹಳೆಯ ಅಂಗಿಯನ್ನು ಮಾದರಿಗಿಟ್ಟುಕೊಂಡು ಹೊಲಿಯುತ್ತಿದ್ದರು. ಪ್ರತಿ ಹೊಸ ಅಂಗಿಯೂ ಕಂಕುಳಲ್ಲಿ ಹಿಡಿಯುತ್ತಿತ್ತು. ಅವಳು ಮಾತಾಡದೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳುತ್ತಿದ್ದಳು. ದಿನಾ ಕಣ್ಣೆದುರಿಗಿರುವವಳಿಗೆ ಕಣ್ಣಳತೆ ಇಲ್ಲ. ನಾಲ್ಕಾರು ಸಲ ಕಂಡವಳಿಗೆ ಕಾಲಿಂಚೂ ತಪ್ಪಿಲ್ಲ.

ಕೋಟು ಮುಗಿದು ಅವಳ ಮಡಿಲಿಗೆ ಬಂತು. ಕಾಜಾ ಹಾಕಬೇಕಾದವಳು ಅವಳೇ ತಾನೆ. ಐದು ಕಾಜಾ. ಎರಡನ್ನು ಯಾವಾಗಿನಂತೆ ಹಾಕಿದಳು. ಮೂರನೆಯದು ಎದೆಯ ಹತ್ತಿರದ್ದು. ಕತ್ತರಿಯ ತುದಿ ಅಲ್ಲಿ ಒಂದು ಕ್ಷಣ ತಡೆಯಿತು. ಸೀಳನ್ನು ಒಂದು ನೂಲಿನಷ್ಟು ಕಿರಿದು ಮಾಡಿ, ಸುತ್ತಲೂ ಎಂದಿಗಿಂತ ಅಂದವಾಗಿ ಹೊಲಿದಳು. ಆಮೇಲೆ ನಾಲ್ಕು, ಐದು. ಮೂವತ್ತೆರಡು ವರ್ಷದಲ್ಲಿ ಅವಳ ಕೈಯಿಂದ ಬಂದ ಮೊದಲ ಕೆಟ್ಟ ಕಾಜಾ ಅದು. ಮಾಸ್ಟ್ರು ಪರೀಕ್ಷಿಸಲಿಲ್ಲ. ಅವಳ ಕೆಲಸವನ್ನು ಬೆಳಕಿಗೆ ಹಿಡಿದು ನೋಡುವುದನ್ನು ಅವರು ಬಿಟ್ಟು ಎಷ್ಟೋ ಕಾಲವಾಗಿತ್ತು.

ಮುಂದಿನ ಔಷಧಿಯ ದಿನ ಸಿಸ್ಟರ್ ಕೋಟನ್ನು ಅಲ್ಲೇ ತೊಟ್ಟು ನೋಡಿದಳು. ಭುಜಕ್ಕೆ ಎರಕ ಹೊಯ್ದ ಹಾಗಿತ್ತು. ಮೂರನೇ ಗುಂಡಿ ಮಾತ್ರ ಹೋಗಲಿಲ್ಲ. "ಹೊಸದಲ್ವಾ, ಬಿಗಿ ಇದೆ. ಹಾಕ್ತಾ ಹಾಕ್ತಾ ಸರಿಹೋಗುತ್ತೆ ಬಿಡಿ," ಎಂದು ನಕ್ಕಳು. ಮಾಸ್ಟ್ರ ಕಣ್ಣು ಆ ಕಾಜಾದ ಮೇಲೆ ನಿಂತು, ಅಲ್ಲಿಂದ ನಿಧಾನವಾಗಿ ಹೆಂಡತಿಯ ಮುಖಕ್ಕೆ ಬಂತು.

"ಹ್ಞೂಂ," ಎಂದರು. ಬಾಯಲ್ಲಿ ಒಂದು ಗುಂಡುಸೂಜಿಯೂ ಇರಲಿಲ್ಲ. ಆ ಹ್ಞೂಂ ಒಂದನ್ನು ಅವಳಿಗೆ ಓದಲಾಗಲಿಲ್ಲ. ವಾಪಸು ಬರುವಾಗ ಮೂರು ಗಂಟೆ ಇಬ್ಬರೂ ಬಸ್ಸಿನ ಕಿಟಕಿಯ ಆಚೆ ನೋಡುತ್ತಾ ಕೂತರು.

ಹೊಟ್ಟೆ ಕೆಟ್ಟಿದ್ದು ಅದರ ಮುಂದಿನ ವಾರ, ಒಂದು ಶನಿವಾರ. ಮಾಸ್ಟ್ರು ಬಚ್ಚಲ ಬಾಗಿಲಲ್ಲಿ ನಿಂತು ಅವಳನ್ನು ಹತ್ತಿರ ಕರೆದರು.

"ನಿಂಗೆ ಮಾತ್ರ ಹೇಳ್ತಿದೀನಿ. ಬೆಳಿಗ್ಗೆಯಿಂದ ನಾಲ್ಕು ಸಲ ಹೋಯ್ತು. ಸಿಸ್ಟರಿಗೆ ಹೇಳ್ಬೇಡ."

"ಯಾಕೆ? ಅವಳಿಗೆ ಎಲ್ಲಾ ಹೇಳ್ತೀರಲ್ಲ."

"ತುರಿಕೆ, ಕೆಮ್ಮು ಬೇರೆ. ಹೆಂಗಸಿನ ಹತ್ತಿರ ಇದನ್ನೆಲ್ಲ ಏನು ಹೇಳೋದು."

"ನಾನೇನು ಗಂಡಸಾ?"

"ನೀನು ನೀನು," ಎಂದರು ಮಾಸ್ಟ್ರು, ಅದಕ್ಕಿಂತ ಸುಲಭದ ಮಾತು ಇಲ್ಲ ಎಂಬಂತೆ.

"ಹ್ಞೂಂ," ಎಂದಳು ಕಾಜಕ್ಕ.

ನೀನು ನೀನು. ಆ ಎರಡು ಮಾತನ್ನು ಅವಳು ಕೆನ್ನೆಯೊಳಗಿಟ್ಟ ಕಲ್ಲುಸಕ್ಕರೆಯಂತೆ ದಿನವಿಡೀ ಚೀಪಿದಳು. ಕೊನೆಗೂ ಅವರದೊಂದು ವಿಷಯ ತನ್ನ ಹತ್ತಿರ ಮಾತ್ರ ಇತ್ತು. ಕಾಯಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಹಾಕಿ ಕೊಟ್ಟಳು, ಅನ್ನ ಮೆತ್ತಗೆ ಬೇಯಿಸಿ ಬಡಿಸಿದಳು, ಹೊಟ್ಟೆಯ ಮೇಲೆ ಬಿಸಿ ಬಟ್ಟೆ ಇಟ್ಟಳು. ಭಾನುವಾರ ಆರು ಸಲವಾಯಿತು. ಸಂಖ್ಯೆ ಅವಳಿಗೆ ಗೊತ್ತಿತ್ತು, ಬಚ್ಚಲ ಚಿಲಕದ ಸದ್ದನ್ನು ಅವಳು ಎಣಿಸುತ್ತಲೇ ಇದ್ದಳು. ಕನ್ನಡಿಯ ಮೂಲೆಯ ಹಾಳೆಯಲ್ಲಿ ಏನಿದೆ ಎಂಬುದೂ ಗೊತ್ತಿತ್ತು. ಅರ್ಧ ಹೊಲಿದ ಒಂದು ಕೋಟನ್ನು ಹ್ಯಾಂಗರಿಗೆ ಹಾಕಿ, ಸರಿಯಾಗಿ ಆ ಹಾಳೆಯ ಮೇಲೆ ಬರುವಂತೆ ಕನ್ನಡಿಗೆ ತೂಗುಬಿಟ್ಟಳು.

"ಏನಕ್ಕಾ, ಇವತ್ತು ಮುಖದಲ್ಲಿ ಕಳೆ ಉಕ್ತಾ ಇದೆ," ಎಂದಳು ಇಸ್ತ್ರಿ ಅಂಗಡಿಯವಳು.

"ನಿನ್ನ ಕಣ್ಣಿಗೆ ಹೊಗೆ ಹತ್ತಿದೆ, ಒರೆಸ್ಕೋ."

ಸೋಮವಾರ ಹನ್ನೊಂದಕ್ಕೆ ಫೋನು ಬಂತು. ಗುಂಡುಸೂಜಿಗಳು ಒಂದೊಂದಾಗಿ ಮೆತ್ತೆಗೆ ಇಳಿದವು.

"ಎಲ್ಲಾ ಮಾಮೂಲು ಸಿಸ್ಟರ್. ಹೊಟ್ಟೆನಾ? ಹೊಟ್ಟೆ ಚೆನ್ನಾಗಿದೆ."

ಕಾಜಕ್ಕನ ಬೆನ್ನು ನೆಟ್ಟಗಾಯಿತು. ಇಷ್ಟು ತಿಂಗಳು ಪರದೆಯ ಆಚೆ ಅವರಿಬ್ಬರು, ಈಚೆ ತಾನೊಬ್ಬಳು. ಇವತ್ತು ಹೊರಗಿರುವವಳು ಸಿಸ್ಟರ್. ಆ ಸುಖ ಫೋನು ಇಡುವವರೆಗೆ ಇತ್ತು.

ಆಮೇಲೆ ಯಂತ್ರ ಶುರುವಾಯಿತು. ನಾಲ್ಕು ಹೊಲಿಗೆ ಓಡಿ ನಿಂತಿತು. ಚಿಲಕದ ಸದ್ದು. ಬೆಳಗಿನಿಂದ ಏಳನೆಯದು. ಮಾಸ್ಟ್ರು ಹೊರಬಂದಾಗ ಗೋಡೆ ಹಿಡಿದುಕೊಂಡಿದ್ದರು. ಪರದೆ ಸರಿಸಿದ ಕಾಜಕ್ಕನಿಗೆ ಮೊದಲು ಕಂಡದ್ದು ಅವರ ಪ್ಯಾಂಟಿನ ಸೊಂಟ. ಜಾರದಿರಲೆಂದು ಅವರು ಅದನ್ನು ಮಡಿಸಿ ಗುಂಡುಸೂಜಿ ಚುಚ್ಚಿಕೊಂಡಿದ್ದರು. ಮೂರು ದಿನದ ಹಿಂದೆ ಸರಿಯಾಗಿ ಕೂರುತ್ತಿದ್ದ ಪ್ಯಾಂಟು. ಟೇಪು ಬೇಕಿರಲಿಲ್ಲ, ಕಣ್ಣಳತೆ ಅವಳಿಗೂ ಬರುತ್ತಿತ್ತು. ಎರಡಿಂಚು.

ಕನ್ನಡಿಯ ಮೇಲಿನ ಕೋಟನ್ನು ಎಳೆದಳು. ಹ್ಯಾಂಗರು ಕೆಳಗೆ ಬಿತ್ತು. ಮಾಮೂಲಿಗಿಂತ ನಾಲ್ಕು ಸಲ ಹೆಚ್ಚಾದರೆ ಕೂಡಲೇ ಫೋನ್ ಮಾಡಿ ಎಂದು ದಪ್ಪ ಅಕ್ಷರದಲ್ಲಿತ್ತು. ಶನಿವಾರವೂ ಆ ಅಕ್ಷರ ಅಷ್ಟೇ ದಪ್ಪಗಿತ್ತು. ಅವಳು ಕಾರ್ಡು ತಿರುಗಿಸಿ ನಂಬರು ಒತ್ತಿದಳು.

"ಹೇಳ್ಬೇಡ ಅಂದಿದ್ನಲ್ಲ! ನೀನು ಒಪ್ಕೊಂಡಿದ್ದೆ!"

"ನಾನೆಲ್ಲಿ ಒಪ್ಕೊಂಡೆ? ಹ್ಞೂಂ ಅಂದಿದ್ದೆ. ಮೂವತ್ತೊಂದು ವರ್ಷ ನಿಮ್ಮಿಂದಲೇ ಕಲ್ತಿದ್ದು."

ಸಿಸ್ಟರ್ ಫೋನು ಎತ್ತಿದಳು. ಕಾಜಕ್ಕ ಒಂದೇ ಉಸಿರಿಗೆ ಹೇಳಿದಳು. ಶನಿವಾರ ನಾಲ್ಕು, ನಿನ್ನೆ ಆರು, ಇವತ್ತು ಇಷ್ಟು ಹೊತ್ತಿಗೇ ಏಳು. ನೀರಿನ ಹಾಗೆ, ನಿನ್ನೆಯಿಂದ ಲೋಳೆಯೂ ಇದೆ. ಹೊಕ್ಕುಳಿನ ಕೆಳಗೆ ಹಿಂಡುತ್ತಂತೆ. ಜ್ವರ ಇಲ್ಲ. ಸೊಂಟ ಎರಡಿಂಚು ಇಳಿದಿದೆ.

"ನಾನು ಈಗ ತಾನೇ ಕೇಳಿದ್ನಲ್ಲ ಅಮ್ಮಾ."

"ಅವರು ಸುಳ್ಳು ಹೇಳಿದ್ರು. ನಾನು ಪರದೆ ಹಿಂದೆ ಕೂತು ಕೇಳಿಸ್ಕೊಂಡು ಸುಮ್ನಿದ್ದೆ."

"ಆಯ್ತು. ಅದನ್ನ ಆಮೇಲೆ ನೋಡೋಣ. ಈಗಲೇ ಹೊರಡಿ. ಭೇದಿ ನಿಲ್ಲೋಕೆ ಅಂತ ಅಂಗಡಿ ಮಾತ್ರೆ ಏನೂ ಕೊಡ್ಬೇಡಿ. ನೀರು ಕುಡಿಸ್ತಾ ಇರಿ, ಕಾರ್ಡು ಕೈಯಲ್ಲಿರ್ಲಿ. ನಾನು ಡಾಕ್ಟರಿಗೆ ಹೇಳಿರ್ತೀನಿ."

ಇಸ್ತ್ರಿ ಅಂಗಡಿಯವಳ ತಮ್ಮನ ವ್ಯಾನು ಹತ್ತು ನಿಮಿಷಕ್ಕೆ ಬಂತು. ಅವಳು ಅವತ್ತು ಸವತಿಯ ಮಾತೆತ್ತಲಿಲ್ಲ, ಮಾಸ್ಟ್ರ ಕಾಲಕೆಳಗೆ ಒಂದು ಬಕೆಟ್ಟು ಇಟ್ಟು ಬಾಗಿಲು ಹಾಕಿದಳು.

ಔಷಧಿ ಬಿಡಿಸಿದ ಶಕ್ತಿ ಮಾಸ್ಟ್ರ ಕರುಳನ್ನೇ ಹೊಡೆಯಲು ಶುರು ಮಾಡಿತ್ತು. ಅದನ್ನು ತಣಿಸಲು ಸ್ಟೀರಾಯ್ಡ್ ಹನಿಸಿದರು. ಮುಂದಿನ ಇಮ್ಯುನೊಥೆರಪಿಯನ್ನು ಸದ್ಯಕ್ಕೆ ತಡೆಹಿಡಿದರು. ಇನ್ನೆರಡು ದಿನ ಬಿಟ್ಟಿದ್ದರೆ ಕರುಳು ತೂತು ಬೀಳಬಹುದಿತ್ತು ಎಂದು ಡಾಕ್ಟರು ಯಾವ ಏರಿಳಿತವೂ ಇಲ್ಲದೆ ಹೇಳಿ ಮುಂದಿನ ಹಾಸಿಗೆಗೆ ಹೋದರು. ಎರಡು ದಿನ. ಕಾಜಕ್ಕ ಆ ಎರಡು ದಿನಗಳನ್ನು ಬೆರಳಿನಲ್ಲಿ ಎಣಿಸಿ, ಅವು ಶನಿವಾರ ಮತ್ತು ಭಾನುವಾರದಷ್ಟೇ ಉದ್ದ ಎಂದುಕೊಂಡಳು. ಮಾಸ್ಟ್ರ ಕಾಲ ಬಳಿ ಕುರ್ಚಿ ಹಾಕಿಕೊಂಡು, ಅವರ ಪ್ಯಾಂಟಿನ ಸೊಂಟದಿಂದ ತೆಗೆದ ಗುಂಡುಸೂಜಿಯನ್ನು ತನ್ನ ಅಂಗಿಯ ಅಂಚಿಗೆ ಚುಚ್ಚಿಕೊಂಡು ಕೂತಳು.

ಮೂರನೆಯ ದಿನ ಮಾಸ್ಟ್ರ ಮುಖಕ್ಕೆ ಬಣ್ಣ ಬಂತು. ಅವತ್ತು ಬೆಳಿಗ್ಗೆ ಸಿಸ್ಟರ್ ಬಿಳಿ ಕೋಟಿನಲ್ಲಿ ಬಂದು ನಿಂತಳು. ಭುಜ ಎರಕ ಹೊಯ್ದ ಹಾಗೆಯೇ ಇತ್ತು. ಮೂರನೇ ಗುಂಡಿ ತೆರೆದಿತ್ತು.

"ಏನು ಮಾಸ್ಟ್ರೇ, ನನ್ನ ಹತ್ತಿರ ನಾಚಿಕೆನಾ?"

"ಇಲ್ಲ ಸಿಸ್ಟರ್," ಎಂದರು ಮಾಸ್ಟ್ರು, ಆ ಮೆತ್ತಗಿನ ದನಿಯಲ್ಲಿ. "ಇವತ್ತು ಎರಡೇ ಸಲ. ಗಟ್ಟಿಯಾಗ್ತಾ ಇದೆ. ಬಣ್ಣನೂ ಸರಿಹೋಗಿದೆ." ಇನ್ನೂ ವಿವರಕ್ಕೆ ಇಳಿದರು.

ಅದೂ ಹೋಯಿತು, ಎಂದುಕೊಂಡಳು ಕಾಜಕ್ಕ. ಉಳಿದಿದ್ದ ಒಂದೇ ಒಂದು. ಮಾಸ್ಟ್ರು ಬದುಕಿದ್ದಾರೆ ಎಂಬ ನೆಮ್ಮದಿಯ ಪಕ್ಕದಲ್ಲೇ ಆ ಹಳೆಯ ಉರಿ ಮತ್ತೆ ತಲೆಯೆತ್ತಿತು. ಅದಕ್ಕೆ ನಾಚಿಕೆಯೇ ಇರಲಿಲ್ಲ.

ಸಿಸ್ಟರ್ ಇವಳ ಕಡೆ ತಿರುಗಿದಳು. "ಅಮ್ಮಾ, ಇನ್ಮೇಲೆ ಫೋನು ಮಾಡಿದಾಗ ಮೊದಲು ನಿಮ್ಮ ಹತ್ತಿರ ಮಾತಾಡ್ತೀನಿ. ಆಮೇಲೆ ಇವರ ಹತ್ತಿರ. ಇಬ್ಬರ ಲೆಕ್ಕ ತಾಳೆ ಆಗ್ಬೇಕು. ಮತ್ತೆ, ಅವತ್ತು ನೀವು ಸುಮ್ನಿದ್ದಿರಲ್ಲ, ಯಾಕೆ?"

ದನಿಯಲ್ಲಿ ಕೋಪವಿರಲಿಲ್ಲ. ತುರಿಕೆ ಇದೆಯಾ, ಉಸಿರು ಹೇಗಿದೆ ಎಂದು ಕೇಳುವ ದನಿ ಅದು. ಉತ್ತರ ಬರುವವರೆಗೆ ಕಾಯುವ ದನಿ. ಇದಕ್ಕೇ ಇವರು ಗುಂಡುಸೂಜಿ ತೆಗೆದಿಡುವುದು ಎಂದು ಕಾಜಕ್ಕನಿಗೆ ಒಮ್ಮೆಗೇ ಹೊಳೆಯಿತು, ಹೊಳೆದದ್ದಕ್ಕೆ ಇನ್ನಷ್ಟು ಉರಿಯಿತು. ಮಾಸ್ಟ್ರೂ ಅವಳನ್ನೇ ನೋಡುತ್ತಿದ್ದರು. ಹನಿಯುವ ಕೊಳವೆಯನ್ನು ಸರಿಪಡಿಸಲು ಸಿಸ್ಟರ್ ಬಗ್ಗಿದಳು. ತೆರೆದ ಗುಂಡಿಯ ಜಾಗದಲ್ಲಿ ಕೋಟು ಬಾಯಿ ಬಿಟ್ಟು ಕೊಳವೆಗೆ ಸಿಕ್ಕಿಕೊಂಡಿತು.

"ಬಿಚ್ಚಿ ಕೊಡಿ ಇಲ್ಲಿ," ಎಂದಳು ಕಾಜಕ್ಕ.

"ಏನನ್ನ?"

"ಕೋಟನ್ನ. ಹತ್ತು ನಿಮಿಷ ಸಾಕು."

ಕೈಚೀಲದಿಂದ ಸಣ್ಣ ಕತ್ತರಿ, ಸೂಜಿ, ಬಿಳಿ ನೂಲಿನ ಉಂಡೆ ಹೊರಗೆ ಬಂದವು. ಸಿಸ್ಟರ್ ನಗುತ್ತಾ ಕೋಟು ಬಿಚ್ಚಿ ಕೊಟ್ಟಳು. ಕಾಜಕ್ಕ ಅದನ್ನು ತೋಳಿನ ಮೇಲೆ ಹಾಕಿಕೊಂಡು, ವಾರ್ಡಿನ ಕೊನೆಯ ಕಿಟಕಿಯ ಬೆಳಕಿನ ಕಡೆಗೆ ಹೆಜ್ಜೆ ಹಾಕಿದಳು. ಹೋಗುತ್ತಾ, ತಿರುಗಿ ನೋಡದೆ, ಆದರೆ ಇಬ್ಬರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಯಾಕೆ ಅಂತ ಕೇಳಿದ್ರಲ್ಲ ಸಿಸ್ಟರ್, ಈ ಮೂರನೇ ಕಾಜಾ ಬಿಗಿ ಆಗಿದ್ದು ಬಟ್ಟೆ ಹೊಸದು ಅಂತ ಅಲ್ಲ, ಅವರ ಅಳತೆನೂ ತಪ್ಪಿಲ್ಲ, ಇದನ್ನ ಹಾಕುವಾಗ ನಾನು ಪರದೆ ಹಿಂದೆ ಕೂತ್ಕೊಂಡು, ನಿಮ್ಮ ಫೋನು ಬಂದಾಗಲೆಲ್ಲ ಇವರು ಆ ಗುಂಡುಸೂಜಿಗಳನ್ನ ಒಂದೊಂದೇ ತೆಗೆದಿಡೋದನ್ನ ನೆನೆಸ್ಕೊಂಡು, ಹೊಟ್ಟೆಕಿಚ್ಚಿಂದ ಬೇಕಂತಲೇ ಸಣ್ಣದು ಮಾಡ್ದೆ, ಅವತ್ತು ಸುಮ್ನಿದ್ದಿದ್ದೂ ಅದೇ ಕಿಚ್ಚಿಗೆ."